ಕತ್ತಿಯ ಮಾತನ್ನು ಆಡುವವರು ಯಾರು?

"ಸಾರ್, ನನ್ನ ಕತ್ತಿ ನನ್ನ ಮಾತೇ ಕೇಳ್ತಿಲ್ಲ. ಅದರ ಜೊತೆ ವಾದ ಮಾಡಿ ಗೆಲ್ಲೋದಕ್ಕೆ ನನಗೆ ನೂರಕ್ಕೆ ಎಷ್ಟು ಅವಕಾಶ ಇದೆ, ಲೆಕ್ಕ ಹಾಕಿ ಹೇಳ್ತೀರಾ?"

ಕಳೆದ ಬೇಸಿಗೆ ರಜೆಯಲ್ಲಿ ಹೀಗೆ ಕೇಳಿಕೊಂಡು ನಮ್ಮ ಮನೆಗೆ ಬಂದ ಹುಡುಗ ಎರಡು ವರ್ಷದ ಹಿಂದೆ ನನ್ನ ಹತ್ತಿರ ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಕಲಿತು ಹೋದವನು. ಈಗ ಬೆಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾನೆ. ಅವನ ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ, ಇಪ್ಪತ್ತು ಮುಖಗಳ ಹಸಿರು ದಾಳವೊಂದಿತ್ತು. ಹಿಂದೆಯೇ ಬಂದ ಅವನ ತಾಯಿ ಕುರ್ಚಿಯ ಮೇಲೆ ಕೂರುವ ಮೊದಲೇ ಶುರು ಮಾಡಿದರು: "ನೋಡಿ ಮೇಷ್ಟ್ರೇ, ಭಾನುವಾರ ಬಂತು ಅಂದ್ರೆ ಇದೇ ಕೆಲಸವಂತೆ. ಕತ್ತಿ ಮಾತಾಡುತ್ತಂತೆ, ಇವನು ಅದಕ್ಕೆ ಜವಾಬು ಕೊಡ್ತಾನಂತೆ. ಓದೋ ಮಕ್ಕಳು ಆಡೋ ಆಟವೇ ಇದು? ನೀವಾದರೂ ಬುದ್ಧಿ ಹೇಳಿ."

ಬುದ್ಧಿ ಹೇಳುವ ಮೊದಲು ವಿಷಯ ತಿಳಿದುಕೊಳ್ಳಬೇಕಲ್ಲವೇ? ದಾಳವನ್ನು ಕೈಗೆ ತೆಗೆದುಕೊಂಡೆ. ಇಪ್ಪತ್ತು ಸಮಭುಜ ತ್ರಿಕೋನಗಳಿಂದಾದ ಘನಾಕೃತಿ. ರೇಖಾಗಣಿತದಲ್ಲಿ ಹೀಗೆ ಎಲ್ಲ ಮುಖಗಳೂ, ಎಲ್ಲ ಮೂಲೆಗಳೂ ಒಂದೇ ತೆರನಾಗಿರುವ ಉಬ್ಬು ಘನಾಕೃತಿಗಳು ಇರುವುದೇ ಐದು: ನಾಲ್ಕು, ಆರು, ಎಂಟು, ಹನ್ನೆರಡು ಮತ್ತು ಇಪ್ಪತ್ತು ಮುಖದವು. ಹುಡುಗನ ಚೀಲದಲ್ಲಿ ಐದೂ ಇದ್ದವು! ಮೂವತ್ತು ವರ್ಷ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿ ತೋರಿಸಿದ ನನಗೆ ಅವನ್ನು ಪ್ಲಾಸ್ಟಿಕ್ಕಿನಲ್ಲಿ ನೋಡಿ ಅಸೂಯೆಯೇ ಆಯಿತು. ತಾಯಿಯ ದೂರನ್ನು ಅರ್ಧ ಮರೆತೆ ಎಂದರೂ ಸರಿ.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರಾಗನ್ಸ್'. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ್ದು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ. ಇದರಲ್ಲಿ ಚದುರಂಗದಂತೆ ಮಣೆಯೇ ಮುಖ್ಯವಲ್ಲ, ಮಾತು ಮುಖ್ಯ. ತಾಳಮದ್ದಳೆ ನೋಡಿದವರಿಗೆ ಹೇಳುವುದು ಸುಲಭ: ವೇಷವಿಲ್ಲ, ಕುಣಿತವಿಲ್ಲ, ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು ಆಶುವಾಗಿ ಮಾತಾಡುತ್ತಾರೆ. ಭಾಗವತರ ಸ್ಥಾನದಲ್ಲಿ ಒಬ್ಬ ನಿರ್ವಾಹಕ; ಡಂಜನ್ ಮಾಸ್ಟರ್ ಎಂದು ಕರೆಯುತ್ತಾರೆ. ಅವನು ಊರು, ಗುಹೆ, ರಾಕ್ಷಸರನ್ನು ವರ್ಣಿಸುತ್ತಾನೆ. ವ್ಯತ್ಯಾಸವೆಂದರೆ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಬೀಸಿದ ಕತ್ತಿ ತಗುಲಿತೇ, ಹಾರಿದವನು ಕಂದಕ ದಾಟಿದನೇ ಎಂಬುದನ್ನು ದಾಳ ಹೇಳುತ್ತದೆ.

ಆ ಮೂರು ಪುಸ್ತಕಗಳಲ್ಲಿ ಎರಡನೆಯದು ರಾಕ್ಷಸರನ್ನೂ ನಿಧಿಗಳನ್ನೂ ಕುರಿತದ್ದು. ಅದರಲ್ಲೇ ಒಂದು ವಿಚಿತ್ರ ನಿಯಮ ಬರುತ್ತದೆ. ಮಂತ್ರಶಕ್ತಿಯ ಆಯುಧಗಳಲ್ಲಿ ಕತ್ತಿಗೆ ಮಾತ್ರ ಮನುಷ್ಯರಂತೆ ಬುದ್ಧಿಯಿದೆ, ನೀತಿಯ ಕಡೆಗೋ ಅನೀತಿಯ ಕಡೆಗೋ ಒಲವಿದೆ, ಅಹಂಕಾರವಿದೆ! ಬುದ್ಧಿಗೂ ಅಹಂಕಾರಕ್ಕೂ ಬೇರೆ ಬೇರೆ ಅಂಕಿ. ಕತ್ತಿ ಬುದ್ಧಿವಂತವಾದಷ್ಟೂ ಒಡೆಯನಿಗೆ ಉಪಯೋಗ ಹೆಚ್ಚು. ಆದರೆ ಅದರ ಹಟವೂ ಜೊತೆಗೇ ಬರುತ್ತದೆ. ಅಂದರೆ ಆಟ ಹುಟ್ಟಿದ ವರ್ಷವೇ ಮಾತಾಡುವ ಕತ್ತಿಯೂ ಹುಟ್ಟಿತು.

ಹುಟ್ಟಿತು ಎನ್ನುವುದೂ ಪೂರ್ತಿ ಸರಿಯಲ್ಲ. ಫಿನ್ಲೆಂಡಿನ ಜಾನಪದ ಹಾಡುಗಳನ್ನು ಎಲಿಯಾಸ್ ಲೊನ್‌ರೋಟ್ ಕೂಡಿಸಿ ಕಟ್ಟಿದ 'ಕಾಲೆವಾಲಾ' ಮಹಾಕಾವ್ಯದ 1849ರ ವಿಸ್ತೃತ ರೂಪದಲ್ಲಿ ಕುಲ್ಲೆರ್ವೊ ಎಂಬ ದುರದೃಷ್ಟಶಾಲಿ ಯುವಕ, ಸಾಯಲು ಹೊರಟಾಗ, ತನ್ನ ರಕ್ತ ಕುಡಿಯಲು ಒಪ್ಪಿಗೆಯೇ ಎಂದು ತನ್ನ ಕತ್ತಿಯನ್ನೇ ಕೇಳುತ್ತಾನೆ. ಕತ್ತಿ ಉತ್ತರಿಸುತ್ತದೆ, ನಿರಪರಾಧಿಗಳ ರಕ್ತವನ್ನೇ ಕುಡಿದಿರುವ ತನಗೆ ಅಪರಾಧಿಯದು ಬೇಡವೇಕೆ ಎಂಬುದು ಅದರ ತಾತ್ಪರ್ಯ. ಇದನ್ನು ಓದಿ ಮನಸೋತ ಟೋಲ್ಕಿನ್ ತಮ್ಮ 'ಸಿಲ್ಮರಿಲಿಯನ್' (1977) ಕಥೆಗಳಲ್ಲಿ ಅಂಥದೇ ಒಂದು ಕರಿಯ ಕತ್ತಿಯನ್ನು ಮಾತಾಡಿಸಿದರು. ಇಂಗ್ಲೆಂಡಿನ ಮೈಕೆಲ್ ಮೂರ್ಕಾಕ್ 1961ರಿಂದ ಬರೆದ ಎಲ್ರಿಕ್ ಕಥೆಗಳಲ್ಲಿ ನಿಶ್ಶಕ್ತನಾದ ರಾಜನಿಗೆ ಶಕ್ತಿ ಕೊಡುವುದೇ 'ಸ್ಟಾರ್ಮ್‌ಬ್ರಿಂಗರ್' ಎಂಬ ಕತ್ತಿ. ಅದು ಕೊಂದವರ ಆತ್ಮವನ್ನು ಹೀರಿ ಒಡೆಯನಿಗೆ ಉಣಿಸುತ್ತದೆ. ಕೊನೆಗೆ ಒಡೆಯನನ್ನೂ ಬಿಡುವುದಿಲ್ಲ.

ಇಷ್ಟು ಓದುವಾಗ ನನಗೆ ನಮ್ಮ ಕರ್ಣ ನೆನಪಾಗದೆ ಇರಲಿಲ್ಲ. ಖಾಂಡವ ದಹನದಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನನೆಂಬ ಸರ್ಪ ಅರ್ಜುನನ ಮೇಲಿನ ಹಗೆಯಿಂದ ಕರ್ಣನ ಬಾಣದಲ್ಲಿ ಸೇರಿಕೊಳ್ಳುತ್ತದೆ. ಕೃಷ್ಣ ರಥವನ್ನು ನೆಲಕ್ಕೆ ಅದುಮುತ್ತಾನೆ, ಬಾಣ ಕಿರೀಟವನ್ನಷ್ಟೇ ಒಯ್ಯುತ್ತದೆ. ಸರ್ಪ ಹಿಂದಿರುಗಿ ಬಂದು, ಇನ್ನೊಮ್ಮೆ ನನ್ನನ್ನು ಹೂಡು ಎಂದು ಬೇಡುತ್ತದೆ. ಕರ್ಣ ಒಪ್ಪುವುದಿಲ್ಲ. ಒಮ್ಮೆ ಬಿಟ್ಟದ್ದನ್ನು ಮತ್ತೆ ಹೂಡುವುದು ಅವನ ಮರ್ಯಾದೆಗೆ ಸಲ್ಲದು. ಇನ್ನೊಬ್ಬರ ಬಲದಿಂದ ಗೆಲ್ಲುವುದೂ ಬೇಡ. ಆಯುಧಕ್ಕೊಂದು ಉದ್ದೇಶ, ಹಿಡಿದವನಿಗೊಂದು ನಿಲುವು, ಎರಡರ ನಡುವೆ ಜಗಳ. ಯಕ್ಷಗಾನದ ರಂಗದಲ್ಲಿ ಸರ್ಪಾಸ್ತ್ರ ಕರ್ಣನೆದುರು ನಿಂತು ವಾದಿಸುವುದನ್ನು ನೋಡಿದವರಿಗೆ ಆ ಹುಡುಗನ ಕತ್ತಿ ಹೊಸದೇನೂ ಅಲ್ಲ. ಇದನ್ನು ಹೇಳಿದಾಗ ತಾಯಿಯವರ ಮುಖ ಸ್ವಲ್ಪ ಸಡಿಲವಾಯಿತು.

ನಾನೂರರಲ್ಲಿ ನೂರಿಪ್ಪತ್ತು

ಹುಡುಗನ ಕತ್ತಿಯ ಹೆಸರು ಬ್ಲ್ಯಾಕ್‌ರೇಜರ್. ಲಾರೆನ್ಸ್ ಶಿಕ್ ಎಂಬುವರು ಆಟದ ಕಂಪನಿಯಲ್ಲಿ ಕೆಲಸ ಸಿಗಲೆಂದು ಮಾದರಿಯಾಗಿ ಬರೆದುಕೊಟ್ಟ, 1979ರಲ್ಲಿ ಅಚ್ಚಾದ 'ವೈಟ್ ಪ್ಲೂಮ್ ಮೌಂಟನ್' ಎಂಬ ಸಾಹಸ ಪ್ರಸಂಗದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಅದರ ಜೊತೆ ವೇವ್ ಎಂಬ ತ್ರಿಶೂಲ, ವೆಲ್ಮ್ ಎಂಬ ಸುತ್ತಿಗೆ, ಎರಡೂ ಬುದ್ಧಿಯುಳ್ಳವೇ. ತ್ರಿಶೂಲಕ್ಕೆ ಎಲ್ಲರನ್ನೂ ಸಮುದ್ರದೇವರ ಭಕ್ತರನ್ನಾಗಿ ಮಾಡುವ ಹುಚ್ಚು. ಸುತ್ತಿಗೆಗೆ ದೈತ್ಯರನ್ನು ಕೊಲ್ಲುವ ಹಂಬಲ. ಅದನ್ನು ಹಿಡಿದವನಿಗೆ ಬಯಲಿನಲ್ಲಿ ಆಕಾಶದ ಕೆಳಗೆ ನಿಲ್ಲಲೂ ಭಯವಾಗುತ್ತದೆ. ಬ್ಲ್ಯಾಕ್‌ರೇಜರ್ ಮಾತ್ರ ಮೂರ್ಕಾಕ್‌ರ ಕತ್ತಿಯ ನೇರ ಅನುಕರಣೆ. ಅದು ಹಾಗೆಯೇ ಅಚ್ಚಾಗಿಹೋದದ್ದಕ್ಕೆ ಶಿಕ್ ಮುಂದೆ ಸಂಕೋಚವನ್ನೂ ಹೇಳಿಕೊಂಡಿದ್ದಾರೆ. ಆದರೂ ನಲವತ್ತೈದು ವರ್ಷ ದಾಟಿ ಬದುಕಿರುವುದು ಆ ಅನುಕರಣೆಯೇ. ನಕ್ಷತ್ರ ತುಂಬಿದ ರಾತ್ರಿಯ ಆಕಾಶದ ಒಂದು ತುಂಡಿನಂತೆ ಹೊಳೆಯುವ ಅಲಗು, ಆಜ್ಞೆ ಮಾಡಿಯೇ ಅಭ್ಯಾಸವಾದ ಗಡಸು ದನಿ. ಎಲ್ಲವೂ ಶೂನ್ಯದಿಂದ ಬಂದದ್ದು, ಶೂನ್ಯಕ್ಕೇ ಹೋಗತಕ್ಕದ್ದು, ಆ ಕೆಲಸವನ್ನು ಬೇಗ ಮುಗಿಸಲು ತಾನು ಹುಟ್ಟಿದ್ದೇನೆ ಎಂಬುದು ಅದರ ವೇದಾಂತ!

2014ರಲ್ಲಿ ಬಂದ ಐದನೆಯ ಆವೃತ್ತಿಯ ನಿರ್ವಾಹಕರ ಕೈಪಿಡಿಯಲ್ಲಿ ಇಂಥ ಆಯುಧಗಳ ನಿಯಮಗಳಿವೆ. ಹೊಸ ಆಯುಧವೊಂದನ್ನು ಸೃಷ್ಟಿಸುವಾಗ ನೂರರ ದಾಳ ಎಸೆಯಬೇಕು. 60ರವರೆಗೆ ಬಿದ್ದರೆ ಅದು ಮೂಕ, ಭಾವನೆಯನ್ನಷ್ಟೇ ದಾಟಿಸಬಲ್ಲದು. 61ರಿಂದ 90 ಆದರೆ ಮಾತಾಡುತ್ತದೆ. ಉಳಿದ ಹತ್ತರಲ್ಲಿ ಬಾಯಿಂದಲೂ ಮಾತಾಡುತ್ತದೆ, ಮನಸ್ಸಿನಿಂದ ಮನಸ್ಸಿಗೂ ಮಾತಾಡುತ್ತದೆ. ಬುದ್ಧಿ, ವಿವೇಕ, ವರ್ಚಸ್ಸು ಮೂರಕ್ಕೂ ನಾಲ್ಕು ದಾಳ ಎಸೆದು ಕಡಿಮೆಯದನ್ನು ಬಿಟ್ಟು ಕೂಡಿಸಬೇಕು. ಮೂರೇ ದಾಳ ಎಸೆದರೆ ಸರಾಸರಿ 10.5, ಈ ಉಪಾಯದಿಂದ 12ರ ಮೇಲೆ ಹೋಗುತ್ತದೆ. ಅಂದರೆ ಕತ್ತಿ ಸಾಮಾನ್ಯ ಮನುಷ್ಯನಿಗಿಂತ ತುಸು ಬುದ್ಧಿವಂತವಾಗಿಯೇ ಇರಲಿ ಎಂದು ನಿಯಮ ಬರೆದವರ ಆಶಯ ಇದ್ದಿರಬೇಕು.

ಈಗ ಹುಡುಗನ ಪ್ರಶ್ನೆ. ಬ್ಲ್ಯಾಕ್‌ರೇಜರ್ ಮೂರು ದಿನ ಯಾರ ಆತ್ಮವನ್ನೂ ತಿನ್ನದೆ ಇದ್ದರೆ ಮುಂದಿನ ಸೂರ್ಯಾಸ್ತಕ್ಕೆ ಒಡೆಯನೊಡನೆ ಜಗಳಕ್ಕೆ ನಿಲ್ಲುತ್ತದೆ. ಇಬ್ಬರೂ ಇಪ್ಪತ್ತರ ದಾಳ ಎಸೆದು ತಮ್ಮ ತಮ್ಮ ವರ್ಚಸ್ಸಿನ ಅಂಕ ಸೇರಿಸಬೇಕು. ಕತ್ತಿಯ ವರ್ಚಸ್ಸು 19, ಅದಕ್ಕೆ ಸಿಗುವ ಅಂಕ 4. ಹುಡುಗನ ಯೋಧನದು 10, ಸಿಗುವುದು ಸೊನ್ನೆ. ಎರಡು ದಾಳಗಳಿಂದ ಇಪ್ಪತ್ತು ಇಪ್ಪತ್ತಲೆ ನಾನೂರು ಫಲಗಳು. ಅವುಗಳಲ್ಲಿ 264ರಲ್ಲಿ ಕತ್ತಿ ಗೆಲ್ಲುತ್ತದೆ, 120ರಲ್ಲಿ ಹುಡುಗ, 16ರಲ್ಲಿ ಸಮಸಮ. ನೂರಕ್ಕೆ ಮೂವತ್ತು! ಕತ್ತಿ ಗೆದ್ದರೆ ಬೇಡಿಕೆ ಇಡುತ್ತದೆ. ಒಲ್ಲೆನೆಂದರೆ ತನ್ನ ಶಕ್ತಿಯನ್ನು ತಡೆಹಿಡಿಯಬಹುದು, ಇಲ್ಲವೇ ಒಡೆಯನನ್ನೇ ವಶಮಾಡಿಕೊಳ್ಳಲು ನೋಡಬಹುದು. ಆಗ ಅವನು ತಪ್ಪಿಸಿಕೊಳ್ಳಬೇಕಾದರೆ 12ಕ್ಕೆ ಕತ್ತಿಯ 4 ಸೇರಿಸಿ 16 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತು ಮುಖದಲ್ಲಿ ಐದು, ನಾಲ್ಕರಲ್ಲಿ ಒಂದು ಪಾಲು. ಎರಡೂ ಹಂತ ಗುಣಿಸಿದರೆ, ಪ್ರತಿ ಸಲವೂ ಹಟದಿಂದ ಒಲ್ಲೆ ಎನ್ನುವವನು ಕತ್ತಿಯ ವಶವಾಗುವ ಸಂಭವ ನೂರಕ್ಕೆ ನಲವತ್ತೊಂಬತ್ತೂವರೆ. ವಶವಾದರೆ ಹನ್ನೆರಡು ಮುಖದ ದಾಳದಲ್ಲಿ ಎಷ್ಟು ಬೀಳುತ್ತದೋ ಅಷ್ಟು ಗಂಟೆ ಅವನು ಅದರ ಆಳು.

"ಅರ್ಧಕ್ಕರ್ಧ ಕಣಯ್ಯಾ," ಎಂದೆ. ಹುಡುಗ ಖುಷಿಯಾಗಬಹುದೆಂದುಕೊಂಡಿದ್ದೆ. ಅವನು ತಲೆ ಕೆರೆದುಕೊಂಡ. "ಅದಲ್ಲ ಸಾರ್ ತೊಂದರೆ. ಕತ್ತಿಯ ಮಾತನ್ನು ಈಗ ನಾನೇ ಆಡ್ಬೇಕಾಗಿದೆ."

ಊರೂರು ತಿರುಗುವ ಪಾತ್ರ

ಈ ಮಾತು ಅರ್ಥವಾಗಲು ಸಂಘಟಿತ ಆಟ ಎಂದರೇನೆಂದು ತಿಳಿಯಬೇಕು. ಮನೆಯಲ್ಲಿ ಐದಾರು ಗೆಳೆಯರು ವರ್ಷಗಟ್ಟಲೆ ಒಬ್ಬನೇ ನಿರ್ವಾಹಕನೊಡನೆ ಆಡುವುದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಆಟಗಾರ ತನ್ನ ಪಾತ್ರವನ್ನು ಕಾಗದದಲ್ಲಿ ಬರೆದುಕೊಂಡು ಯಾವ ಊರಿನ ಯಾವ ಮೇಜಿಗಾದರೂ ಹೋಗಿ ಕೂರಬಹುದು. ನಿರ್ವಾಹಕ ಬೇರೆ, ಜೊತೆಗಾರರು ಬೇರೆ, ನಿಯಮ ಮಾತ್ರ ಒಂದೇ. ಆಟದ ಮೂಲ ಕಂಪನಿ 1980ರಲ್ಲಿ ಇದಕ್ಕಾಗಿಯೇ ಒಂದು ಸಂಘ ಕಟ್ಟಿತು. 1987ರಲ್ಲಿ 'ಲಿವಿಂಗ್ ಸಿಟಿ' ಎಂಬ ಸಾಮೂಹಿಕ ಕಥಾಲೋಕ ಶುರುವಾಯಿತು. ಅಲ್ಲಿ ಆಟದಲ್ಲಿ ಗೆದ್ದ ಮಂತ್ರದ ವಸ್ತುವಿಗೆ ನಿಜವಾದ ಕಾಗದದ ಸರ್ಟಿಫಿಕೇಟ್ ಕೊಡುತ್ತಿದ್ದರು, ನಮ್ಮ ಮಾರ್ಕ್ಸ್ ಕಾರ್ಡಿನ ಹಾಗೆ! 'ಲಿವಿಂಗ್ ಗ್ರೇಹಾಕ್' 2000ರಿಂದ 2008ರವರೆಗೆ ನಡೆಯಿತು. 2008ರಲ್ಲಿ ಇನ್ನೊಂದು ಕಂಪನಿಯ 'ಪಾತ್‌ಫೈಂಡರ್ ಸೊಸೈಟಿ', 2014ರಲ್ಲಿ 'ಅಡ್ವೆಂಚರರ್ಸ್ ಲೀಗ್' ಹುಟ್ಟಿದವು. ನಮ್ಮ ಹುಡುಗನ ಕೂಟ ಯಾವುದಕ್ಕೂ ಸೇರಿದ್ದಲ್ಲ. ಮೂರು ನಾಲ್ಕು ಕಾಲೇಜುಗಳ ಮಕ್ಕಳು ಸೇರಿ ಅದೇ ಪದ್ಧತಿಯನ್ನು ತಮ್ಮಷ್ಟಕ್ಕೆ ಅನುಸರಿಸುತ್ತಾರೆ. ವಾರಕ್ಕೊಬ್ಬ ನಿರ್ವಾಹಕ, ಚೀಟಿ ಎತ್ತಿ ಮೇಜು ಹಂಚಿಕೆ.

ಮನೆಯ ಆಟದಲ್ಲಿ ಕತ್ತಿಯ ಮಾತನ್ನು ನಿರ್ವಾಹಕನೇ ಆಡುತ್ತಾನೆ, ಕೈಪಿಡಿಯೂ ಹಾಗೆಯೇ ಬಯಸುತ್ತದೆ. ಒಡೆಯನಿಗೆ ಎದುರಾಡುವವನು ಬೇರೆಯವನಾದರೆ ತಾನೇ ಜಗಳಕ್ಕೆ ಅರ್ಥ? ಆದರೆ ವಾರವಾರವೂ ನಿರ್ವಾಹಕ ಬದಲಾದರೆ ಕತ್ತಿಯ ಸ್ವಭಾವವೂ ಬದಲಾಗುತ್ತದೆ. ಮೊದಲ ವಾರ ಗರ್ಜಿಸಿದ ಕತ್ತಿ ಎರಡನೆಯ ವಾರ ಹಾಸ್ಯ ಮಾಡುತ್ತದೆ, ಮೂರನೆಯ ವಾರ ಯಾರಿಗೂ ನೆನಪೇ ಇರುವುದಿಲ್ಲ. ಹೀಗಾಗಿ ಕತ್ತಿಯ ಒಡೆಯನೇ ಕತ್ತಿಯ ಮಾತನ್ನೂ ಆಡತೊಡಗುತ್ತಾನೆ.

ಇದರ ಫಲವನ್ನು ಕಣ್ಣಾರೆ ನೋಡಲು ಬೆಂಗಳೂರಿನ ಮಗಳ ಮನೆಗೆ ಹೋದಾಗ ಒಂದು ಭಾನುವಾರ ಅವರ ಕೂಟಕ್ಕೆ ಹೋಗಿ ಮೂಲೆಯಲ್ಲಿ ಕುಳಿತೆ. ಜಯನಗರದ ಒಂದು ಮನೆಯ ಮಹಡಿ, ಎರಡು ಮೇಜು, ನಮ್ಮ ಹುಡುಗನ ಮೇಜಿನಲ್ಲಿ ಆರು ಮಂದಿ ಮತ್ತು ನಿರ್ವಾಹಕ. ಪ್ರಯೋಗಶಾಲೆಯ ಅಭ್ಯಾಸ, ಗಡಿಯಾರ ನೋಡುತ್ತ ಗುರುತು ಹಾಕಿಕೊಂಡೆ. ನಾಲ್ಕು ಗಂಟೆಯ ಆಟ, 240 ನಿಮಿಷ. ಅರ್ಧ ನಿರ್ವಾಹಕನ ವರ್ಣನೆಗೆ ಹೋಯಿತೆನ್ನಿ. ಉಳಿದ 120ನ್ನು ಆರು ಮಂದಿಗೆ ಹಂಚಿದರೆ ತಲೆಗೆ 20. ನಮ್ಮ ಹುಡುಗ ಯೋಧನಾಗಿ ಮಾತಾಡಿದ, ಕತ್ತಿಯಾಗಿ ಗದರಿದ, ಮತ್ತೆ ಯೋಧನಾಗಿ ಸಮಾಧಾನ ಮಾಡಿದ: ಒಟ್ಟು 43 ನಿಮಿಷ! ಅವನ ಎದುರಿಗೆ ಕಳ್ಳಿಯ ಪಾತ್ರ ವಹಿಸಿದ್ದ ಒಬ್ಬ ಹುಡುಗಿಗೆ ಸಿಕ್ಕಿದ್ದು ಏಳು. ಅವಳು ಬೀಗ ಒಡೆಯುವ ಉಪಾಯ ಹೇಳಲು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಕತ್ತಿಯೇ ಮೊದಲು ಉತ್ತರ ಹೇಳಿಬಿಟ್ಟಿತು. ಮೂರನೆಯ ಗಂಟೆಯಲ್ಲಿ ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹೂವು ಬರೆಯುತ್ತಿದ್ದಳು. ತರಗತಿಯ ಹಿಂದಿನ ಬೆಂಚಿನಲ್ಲಿ ಆ ಹೂವುಗಳನ್ನು ಎಷ್ಟು ನೋಡಿಲ್ಲ ನಾನು!

ಇನ್ನೂ ಒಂದು ಗಮನಿಸಿದೆ. ಜಗತ್ತನ್ನೇ ಶೂನ್ಯಕ್ಕೆ ಕಳಿಸಬೇಕೆನ್ನುವ ಕತ್ತಿ ಅವನ ಬಾಯಲ್ಲಿ ಬೆಕ್ಕಿನ ಮರಿಯಾಗಿತ್ತು. ಗದರುವುದೆಲ್ಲ ಮಾತಿನಲ್ಲಿ ಮಾತ್ರ. ಅವನು ಎಡಕ್ಕೆ ಹೋಗಬೇಕೆಂದಾಗ ಕತ್ತಿಗೂ ಎಡವೇ ಇಷ್ಟ. ಅವನಿಗೆ ಅನುಮಾನ ಬಂದವನ ಮೇಲೆ ಕತ್ತಿಗೂ ಅನುಮಾನ. ತನ್ನ ಅಭಿಪ್ರಾಯಕ್ಕೆ ಎರಡನೆಯ ಮತ ಹಾಕಿಕೊಳ್ಳುವ ಉಪಾಯ ಅದಾಗಿಬಿಟ್ಟಿತ್ತು. ಅವನೇನೂ ಮೋಸಗಾರನಲ್ಲ; ತನಗೆ ತಾನೇ ಎದುರಾಡಿ ಸೋಲುವುದು ದೊಡ್ಡವರಿಗೂ ಬಾರದ ವಿದ್ಯೆ.

ಪಾತ್‌ಫೈಂಡರ್ ಆಟದಲ್ಲಿ ಇದು ಇನ್ನೂ ಬಿಗಡಾಯಿಸುವ ವಿಷಯ. ಅದರಲ್ಲಿ ಕತ್ತಿಯನ್ನೂ ಮಂತ್ರವನ್ನೂ ಒಟ್ಟಿಗೆ ಬಳಸುವ 'ಮೇಗಸ್' ಎಂಬ ವರ್ಗವಿದೆ. 2011ರಲ್ಲಿ ಬಂದ ಒಂದು ಪುಸ್ತಕದ ಪ್ರಕಾರ ಅಂಥವನು ಬೇಕಾದರೆ ಮೂರನೆಯ ಹಂತದಲ್ಲಿ 'ಬ್ಲ್ಯಾಕ್ ಬ್ಲೇಡ್' ಎಂಬ ಬುದ್ಧಿಯುಳ್ಳ ಕತ್ತಿಯನ್ನು ಪಡೆಯಬಹುದು. ಇಲ್ಲಿ ಕತ್ತಿ ಗುಹೆಯಲ್ಲಿ ಸಿಗುವ ನಿಧಿಯಲ್ಲ. ಒಡೆಯ ಬೆಳೆದಂತೆ ಅದರ ಬುದ್ಧಿಯೂ ಅಹಂಕಾರವೂ ಬೆಳೆಯುತ್ತವೆ. ಅಂದರೆ ಆಟಗಾರ ತಾನಾಗಿ ಆರಿಸಿಕೊಂಡ ಆಜೀವ ಜೊತೆಗಾರ. ಅದು ಒಡೆಯನೊಡನೆ ಮನಸ್ಸಿನಲ್ಲೇ ಮಾತಾಡುತ್ತದೆ, ಪಕ್ಕದವರಿಗೆ ಕೇಳಿಸುವುದಿಲ್ಲ. ಹಾಗಾದರೆ ಮೇಜಿನ ಸುತ್ತ ಕುಳಿತವರು ಏನು ಮಾಡಬೇಕು? ಕಿವಿ ಮುಚ್ಚಿಕೊಳ್ಳಬೇಕೇ? ಬೇರೆ ಯಾರಿಗೂ ಕೇಳಿಸದ ಮಾತನ್ನು ಎಲ್ಲರ ಸಮಯ ತೆಗೆದುಕೊಂಡು ಆಡುವುದು ಬಸ್ಸಿನಲ್ಲಿ ಗಟ್ಟಿಯಾಗಿ ಫೋನಿನಲ್ಲಿ ಮಾತಾಡಿದಂತೆ. ನನ್ನನ್ನು ಕೇಳಿದರೆ ಮನಸ್ಸಿನ ಮಾತು ಮನಸ್ಸಿನಲ್ಲೇ ಇರಲಿ. "ಕತ್ತಿಗೆ ಇದು ಹಿಡಿಸಲಿಲ್ಲ" ಎಂದು ಒಂದೇ ವಾಕ್ಯ ಹೇಳಿ ಮುಂದೆ ಹೋದರೆ ಸಾಕು. ಕುತೂಹಲವಿದ್ದವರು ತಾವೇ ಕೇಳುತ್ತಾರೆ.

ಪಕ್ಕದವರ ಬಾಯಿ

ಆಟ ಮುಗಿದ ಮೇಲೆ ಚುರುಮುರಿ ತಿನ್ನುತ್ತ ಮಾತಿಗೆ ಕುಳಿತೆವು. ಕತ್ತಿಯನ್ನೇ ತೆಗೆದುಹಾಕೋಣ ಎಂದು ಒಬ್ಬ ಹೇಳಿದ. ನನಗದು ಸರಿಕಾಣಲಿಲ್ಲ. ಮಾತಾಡುವ ಆಯುಧದಿಂದಾಗುವ ಉಪಕಾರ ಬೇರೆ ಯಾವುದರಿಂದಲೂ ಆಗುವುದಿಲ್ಲ. ಬರಿಯ ಕತ್ತಿ ಹಿಡಿದವನು ಹೊಡೆಯಲೋ ಬೇಡವೋ ಎಂದು ಯೋಚಿಸುವುದೇ ಕಡಿಮೆ. ಹೊಡೆ ಎನ್ನುವ ಕತ್ತಿ ಹಿಡಿದವನು ಯಾಕೆ ಹೊಡೆಯಬಾರದೆಂದು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಹದಿನಾರು ಹದಿನೇಳರ ಮಕ್ಕಳು ಹತ್ತು ಜನರೆದುರು ಹಾಗೆ ಕಾರಣ ಕೊಡಲು ಇನ್ನೆಲ್ಲಿ ಅವಕಾಶವಿದೆ?

ಆಗ ಆ ಹೂವು ಬರೆಯುತ್ತಿದ್ದ ಹುಡುಗಿಯೇ ಒಂದು ವಿಷಯ ತೆಗೆದಳು. 1994ರಲ್ಲಿ ಅಮೆರಿಕದಲ್ಲಿ ಬಂದ 'ರೇತ್: ದಿ ಒಬ್ಲಿವಿಯನ್' ಎಂಬ ಇನ್ನೊಂದು ಆಟವನ್ನು ಅವಳು ಓದಿದ್ದಳು. ಅದರಲ್ಲಿ ಎಲ್ಲರೂ ಸತ್ತವರ ಪಾತ್ರ. ಪ್ರತಿಯೊಬ್ಬನಿಗೂ ಒಳಗೊಂದು ಕರಿನೆರಳು ಇರುತ್ತದೆ, ಕೆಟ್ಟದಕ್ಕೆ ಪ್ರೇರೇಪಿಸುವ ದನಿ. ಆ ದನಿಯನ್ನು ಆಡುವವನು ನಿರ್ವಾಹಕನೂ ಅಲ್ಲ, ಪಾತ್ರದ ಒಡೆಯನೂ ಅಲ್ಲ. ಮೇಜಿನಲ್ಲಿರುವ ಇನ್ನೊಬ್ಬ ಆಟಗಾರ. ನಿನ್ನ ಆಸೆಯೇನು, ದೌರ್ಬಲ್ಯವೇನು ಎಂದು ಪಕ್ಕದಲ್ಲಿ ಕುಳಿತವನಿಗೆ ಗೊತ್ತಿರುತ್ತದೆಯಲ್ಲ, ಅವನೇ ಆಸೆ ತೋರಿಸುತ್ತಾನೆ. "ಕತ್ತಿಗೂ ಹಾಗೇ ಮಾಡಬಹುದಲ್ಲಾ?" ಎಂದಳು.

ಬಹಳ ಸರಳ, ಆದರೆ ನನಗೆ ಹೊಳೆದಿರಲಿಲ್ಲ. ನಿರ್ವಾಹಕನ ಹೊರೆ ಇಳಿಯುತ್ತದೆ. ಒಡೆಯನಿಗೆ ನಿಜವಾದ ಎದುರಾಳಿ ಸಿಗುತ್ತಾನೆ. ಮಾತಿಗೆ ಅವಕಾಶ ಸಿಗದವರಿಗೆ ಎರಡನೆಯ ಬಾಯಿ ಸಿಗುತ್ತದೆ. ಆದರೆ ಮೇಜು ಬದಲಾದರೆ ಹೊಸ ಜೊತೆಗಾರನಿಗೆ ಕತ್ತಿಯ ಸ್ವಭಾವ ತಿಳಿಯುವುದು ಹೇಗೆ? ಇದಕ್ಕೆ ನಾನೊಂದು ಸಲಹೆ ಕೊಟ್ಟೆ. ಒಂದು ಪೋಸ್ಟ್ ಕಾರ್ಡಿನಷ್ಟು ಕಾಗದದಲ್ಲಿ ಕತ್ತಿಗೆ ಏನು ಬೇಕು, ಯಾವುದಕ್ಕೆ ಅಂಜುತ್ತದೆ, ಹೇಗೆ ಮಾತಾಡುತ್ತದೆ, ಹಿಂದಿನ ವಾರ ಒಡೆಯನ ಮೇಲೆ ಯಾಕೆ ಮುನಿಸಿಕೊಂಡಿತ್ತು ಎಂದಷ್ಟೇ ಬರೆದಿಡುವುದು. ಕತ್ತಿ ಯಾರ ಕೈಗೆ ಹೋದರೂ ಆ ಚೀಟಿ ಜೊತೆಗೆ. ಇನ್ನೊಂದು ಕಟ್ಟುನಿಟ್ಟು: ಒಗಟಿಗೆ ಉತ್ತರ ಹೇಳುವ ಹಕ್ಕು ಕತ್ತಿಗಿಲ್ಲ. ಆಟ ಮುಂದೆ ಹೋಗುತ್ತಿಲ್ಲವೆಂದು ನಿರ್ವಾಹಕ ಕತ್ತಿಯ ಬಾಯಿಂದ ಸುಳಿವು ಹೇಳಿಸುವುದುಂಟು. ಅದು ಪರೀಕ್ಷೆಯ ಕೊಠಡಿಯಲ್ಲಿ ಮೇಷ್ಟ್ರೇ ಉತ್ತರ ಪಿಸುಗುಟ್ಟಿದ ಹಾಗೆ.

ಹೊಸದಾಗಿ ಆಡುವವರಿಗೆ ಬ್ಲ್ಯಾಕ್‌ರೇಜರ್‌ಗಿಂತ ಡಾನ್‌ಬ್ರಿಂಗರ್ ವಾಸಿ ಎಂದು ನನ್ನ ಭಾವನೆ. 2015ರ 'ಔಟ್ ಆಫ್ ದಿ ಅಬಿಸ್' ಎಂಬ ಪ್ರಸಂಗದಲ್ಲಿ ಬರುವ ಈ ಕತ್ತಿಯ ಅಲಗು ಬೆಳಕಿನದು. ಸ್ವಭಾವ ಒಳ್ಳೆಯದು, ಕರುಣೆಯುಳ್ಳದ್ದು. ಆದರೆ ಎಷ್ಟೋ ಕಾಲ ಭೂಮಿಯೊಳಗಿನ ಕತ್ತಲೆಯಲ್ಲಿ ಕಳೆದುಹೋಗಿದ್ದರಿಂದ ಅದಕ್ಕೆ ಕತ್ತಲೆಯೆಂದರೆ ಭಯ, ಒಂಟಿಯಾಗಿ ಬಿಟ್ಟುಹೋಗುತ್ತಾರೆಂಬ ಭಯ. ಶತ್ರುಗಳ ಕಣ್ಣು ತಪ್ಪಿಸಿ ಕತ್ತಲಲ್ಲಿ ನುಸುಳಬೇಕಾದಾಗಲೇ ಬೆಳಕು ಆರಿಸಬೇಡ ಎನ್ನುವ ಕತ್ತಿ! ಗರ್ಜನೆ ಬೇಕಿಲ್ಲ, ದೀರ್ಘ ಭಾಷಣ ಬೇಕಿಲ್ಲ. ಒಂದೇ ಒಂದು ಸಣ್ಣ ಮಾತು ಇಡೀ ಮೇಜನ್ನು ಸಂದಿಗ್ಧಕ್ಕೆ ನೂಕುತ್ತದೆ. ಬರೆದವರು ಯಾರೋ, ಮಕ್ಕಳ ಮನಸ್ಸು ಬಲ್ಲವರು.

ತಂದೆ ತಾಯಂದಿರ ಆತಂಕದ ಬಗ್ಗೆ ಎರಡು ಮಾತು. ಅಮೆರಿಕದಲ್ಲೂ 1980ರ ದಶಕದಲ್ಲಿ ಈ ಆಟದಿಂದ ಮಕ್ಕಳು ಮಾಟಮಂತ್ರಕ್ಕೆ ಬೀಳುತ್ತಾರೆ, ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಎಂದು ದೊಡ್ಡ ಗುಲ್ಲೆದ್ದಿತ್ತು. 1985ರಲ್ಲಿ 'ಸಿಕ್ಸ್‌ಟಿ ಮಿನಿಟ್ಸ್' ಎಂಬ ಹೆಸರಾಂತ ಟೀವಿ ಕಾರ್ಯಕ್ರಮವೂ ಅದನ್ನು ಎತ್ತಿಕೊಂಡಿತು. ಆ ಗುಲ್ಲು ಅಡಗಿದೆ, ಅಂದು ಆಡಿದ ಮಕ್ಕಳೇ ಇಂದು ತಮ್ಮ ಮಕ್ಕಳಿಗೆ ದಾಳ ಕೊಡಿಸುತ್ತಿದ್ದಾರೆ. ಸಮಯ ಹಾಳಾಗುತ್ತದೆಯೇ ಎಂದರೆ, ಹೌದು, ಆಗುತ್ತದೆ, ಕ್ರಿಕೆಟ್ಟಿನಲ್ಲಿ ಆಗುವಷ್ಟೇ. ಪರೀಕ್ಷೆಯ ತಿಂಗಳಲ್ಲಿ ದಾಳ ಬೀರುವಿನಲ್ಲಿರಲಿ ಎಂದು ನಾನೂ ಹೇಳಿದ್ದೇನೆ. ನನ್ನ ಚಿಂತೆ ಬೇರೆ. ಇಂದು ಕೇಳಿದ್ದಕ್ಕೆಲ್ಲ ಉತ್ತರ ಹೇಳುವ, ನಯವಾಗಿ ಮಾತಾಡುವ ಯಂತ್ರ ಪ್ರತಿ ಹುಡುಗನ ಜೇಬಿನ ಫೋನಿನಲ್ಲಿದೆ. ನನ್ನ ತರಗತಿಯ ಪ್ರಯೋಗದ ವರದಿಗಳಲ್ಲಿ ಅದರ ದನಿ ಕೇಳಿಸುತ್ತಲೂ ಇದೆ. ಅದಕ್ಕೆ ವರ್ಚಸ್ಸು ಎಷ್ಟು, ಉದ್ದೇಶವೇನು ಎಂದು ಯಾವ ಚೀಟಿಯಲ್ಲೂ ಬರೆದಿಲ್ಲ. ಬರೆದಿಟ್ಟ ಕತ್ತಿಯ ಜೊತೆಗೇ ವಾದ ಮಾಡಲು ನಮ್ಮ ಹುಡುಗನಿಗೆ ಇಷ್ಟು ಕಷ್ಟವಾಗಿದ್ದನ್ನು ನೋಡಿದ ಮೇಲೆ, ಅಭ್ಯಾಸವಾದರೂ ಆಗಲಿ ಎನ್ನಿಸಿತು.

ದಸರಾ ರಜೆಗೆ ಹುಡುಗ ಮತ್ತೆ ಬಂದ, ತಾಯಿಯೂ ಜೊತೆಗೆ. ಈಗ ಅವನ ಕತ್ತಿಯ ಮಾತನ್ನು ಆ ಹುಡುಗಿಯೇ ಆಡುತ್ತಾಳಂತೆ. "ಸಾರ್, ಅವಳು ಗರ್ಜಿಸೋದೇ ಇಲ್ಲ. ಮೆಲ್ಲಗೆ ಮಾತಾಡ್ತಾಳೆ. 'ಹೋದ ವಾರ ನ್ಯಾಯ ಅಂತ ಬಿಟ್ಟುಬಿಟ್ಟೆಯಲ್ಲ, ಆ ದರೋಡೆಕೋರ ಆಮೇಲೆ ಎಷ್ಟು ಜನರನ್ನು ಕೊಂದ, ಲೆಕ್ಕ ಇದೆಯಾ?' ಅಂತ ಕೇಳಿದಳು. ನನಗೆ ಉತ್ತರವೇ ಹೊಳೀಲಿಲ್ಲ."

"ಆಮೇಲೆ?"

"ಸೂರ್ಯ ಮುಳುಗಿತು. ವಾದದಲ್ಲಿ ಸೋತೆ. ಆದ್ರೂ ಒಲ್ಲೆ ಅಂದೆ. ದಾಳ ಎಸೆದ್ರೆ ಹನ್ನೊಂದು. ಒಂಬತ್ತು ಗಂಟೆ ಕತ್ತಿಯ ಆಳಾದೆ. ನಮ್ಮ ಜೊತೆಗಿದ್ದ ಗಾಯಾಳು ಸೈನಿಕನ ಮೇಲೇ ಕತ್ತಿ ಎತ್ತಬೇಕಾಯ್ತು." ನಿಯಮದಲ್ಲಿ ಒಂದು ಸಂದಿಯಿದೆ: ವಶವಾದವನಿಗೆ ಪೆಟ್ಟು ಬಿದ್ದರೆ ಅವನು ಮತ್ತೊಮ್ಮೆ ದಾಳ ಎಸೆಯಬಹುದು. ಅದು ನೆನಪಾದದ್ದು ಆ ಹುಡುಗಿಗೇ. ಕತ್ತಿಯ ಚೀಟಿಯನ್ನು ಪಕ್ಕಕ್ಕಿಟ್ಟು, ಕಳ್ಳಿಯ ಪಾತ್ರಕ್ಕೆ ಮರಳಿ, ಕವಣೆಯಿಂದ ಅವನ ತಲೆಗೆ ಗುರಿಯಿಟ್ಟು ಕಲ್ಲು ಹೊಡೆದಳಂತೆ. ಹುಡುಗ ಮತ್ತೆ ಎಸೆದ, ಹದಿನೇಳು ಬಿತ್ತು.

ಇಷ್ಟು ಹೊತ್ತು ಸುಮ್ಮನೆ ಕೇಳುತ್ತ ಕುಳಿತಿದ್ದ ತಾಯಿ ಕಾಫಿ ಲೋಟ ಕೆಳಗಿಟ್ಟರು. "ತಲೆಗೇ ಹೊಡೆದಳಾ?" ಎಂದರು. "ಒಳ್ಳೇ ಹುಡುಗಿ. ಒಂದು ಸಲ ಮನೆಗೆ ಕರ್ಕೊಂಡು ಬಾ."